ಚರ್ಮದ ಹದ, ಮನಸ್ಸಿನ ಹದ

ಮನುಷ್ಯನ ದುಡಿಮೆಯನ್ನು ನೋಡಿ ಅವನು ಹೇಗೆ ಬದುಕುತ್ತಾನೆಂಬುದನ್ನು ತಿಳಿಯಬಹುದು. ಅವನು ಬಿಡುವನ್ನು ಕಳೆಯುವ ರೀತಿಯನ್ನು ನೋಡಿ ಅವನು ಏನನ್ನು ಪ್ರೀತಿಸುತ್ತಾನೆಂಬುದನ್ನು ತಿಳಿಯಬಹುದು. ಹೊಟ್ಟೆಪಾಡಿನ ಕೆಲಸದಲ್ಲಿ ಅವಸರವುಂಟು, ಲಾಭನಷ್ಟಗಳ ಲೆಕ್ಕವುಂಟು. ಹವ್ಯಾಸದಲ್ಲಿ ಅವೆರಡೂ ಇಲ್ಲ. ಅಂಚೆಚೀಟಿಗಳನ್ನು ಕೂಡಿಸುವವರು, ಹೂಗಿಡಗಳನ್ನು ಬೆಳೆಸುವವರು, ಚಿತ್ರ ಬರೆಯುವವರು ಎಲ್ಲ ಊರುಗಳಲ್ಲಿಯೂ ಕಾಣಸಿಗುತ್ತಾರೆ. ಆದರೆ ಬಿಡುವಿನ ವೇಳೆಯಲ್ಲಿ ಚರ್ಮವನ್ನು ಕತ್ತರಿಸಿ, ಹೊಲಿದು, ಒಂದು ಕೈಚೀಲವನ್ನೋ ಪುಸ್ತಕದ ಹೊದಿಕೆಯನ್ನೋ ಮಾಡಿ ಸಂತೋಷಪಡುವವರು ವಿರಳ. ಕೆಲಸದ ಕಷ್ಟವೊಂದೇ ಇದಕ್ಕೆ ಕಾರಣವಲ್ಲ. ಚರ್ಮವನ್ನು ಮುಟ್ಟುವ ಕೈಯನ್ನು ಸಮಾಜವು ಬಹುಕಾಲ ನೋಡಿದ ದೃಷ್ಟಿಯೂ ಇದಕ್ಕೆ ಕಾರಣ. ಆದುದರಿಂದ ಈ ಹವ್ಯಾಸದ ಸಂತೋಷಗಳನ್ನು ಕುರಿತು ಹೇಳಹೊರಟರೆ, ಆ ದೃಷ್ಟಿಯನ್ನು ಕುರಿತೂ ಹೇಳಲೇಬೇಕಾಗುತ್ತದೆ.

ದಾವಣಗೆರೆ ಮತ್ತು ಹರಿಹರಗಳು ಪರಸ್ಪರ ಸುಮಾರು 14 ಕಿಲೋಮೀಟರ್ ದೂರದಲ್ಲಿರುವ ಊರುಗಳು. ಇಪ್ಪತ್ತನೆಯ ಶತಮಾನದಲ್ಲಿ ದಾವಣಗೆರೆಯು ಹತ್ತಿಯ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಯಿತು. ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ಲೇತ್ ಯಂತ್ರಗಳಿಗೆ ಹೆಸರುವಾಸಿಯಾಯಿತು. ಇಂದು ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿದೆ. ಆ ಕಾರ್ಖಾನೆಯೂ ಮುಚ್ಚಿಹೋಗಿದೆ. ಯಂತ್ರವೆಂದರೆ ಕಬ್ಬಿಣವೆಂದು ಭಾವಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಳೆಯ ಕಾಲದ ಗಿರಣಿಗಳಲ್ಲಿ ಯಂತ್ರದಿಂದ ಯಂತ್ರಕ್ಕೆ ಶಕ್ತಿಯನ್ನು ಒಯ್ಯುತ್ತಿದ್ದುದು ಚರ್ಮದ ಪಟ್ಟಿ. ಮಗ್ಗದಲ್ಲಿ ಲಾಳಿಯನ್ನು ಹೊಡೆದು ಅತ್ತಿಂದಿತ್ತ ಓಡಿಸುತ್ತಿದ್ದ ‘ಪಿಕರ್’ ಎಂಬ ಭಾಗವನ್ನು ಎಮ್ಮೆಯ ತೊಗಲಿನಿಂದ ಮಾಡುತ್ತಿದ್ದರು. ಹೊಲದಲ್ಲಿ ಕಪಿಲೆಯ ಬಾನಿ, ನೇಗಿಲಿನ ಮಿಣಿ, ಬಾರುಕೋಲಿನ ಬಾರು, ಕುಲುಮೆಯಲ್ಲಿ ತಿದಿ, ಜಾತ್ರೆಯಲ್ಲಿ ಡೊಳ್ಳು, ತಮಟೆ ಎಲ್ಲವೂ ಚರ್ಮದವೇ. ಈ ಸೀಮೆಯ ಬದುಕಿನಿಂದ ಚರ್ಮವು ಎಂದೂ ದೂರವಿರಲಿಲ್ಲ. ಅದನ್ನು ಹದಗೊಳಿಸಿದವರನ್ನು ಮಾತ್ರ ದೂರವಿಡಲಾಗಿತ್ತು.

ಇಂಥ ಊರಿನಲ್ಲಿ ಒಬ್ಬ ಗುಮಾಸ್ತನೋ ಒಬ್ಬ ವಿದ್ಯಾರ್ಥಿನಿಯೋ ರಜೆಯ ದಿನ ಒಂದು ತುಂಡು ಚರ್ಮವನ್ನು ಮುಂದಿಟ್ಟುಕೊಂಡು ಕುಳಿತರೆ ಏನಾಗುತ್ತದೆ? ಮೊದಲಿಗೆ ಆಗುವುದು ಆಶ್ಚರ್ಯ. ಬಟ್ಟೆಯಂತೆ, ಕಾಗದದಂತೆ ಚರ್ಮವು ಎಲ್ಲ ಕಡೆಯೂ ಒಂದೇ ಬಗೆಯಾಗಿರುವುದಿಲ್ಲ. ಪ್ರಾಣಿಯ ಬೆನ್ನಿನ ಭಾಗದ ಚರ್ಮವು ಬಿಗಿಯಾಗಿ ಗಟ್ಟಿಯಾಗಿರುತ್ತದೆ. ಹೊಟ್ಟೆಯ ಭಾಗದ್ದು ಸಡಿಲವಾಗಿ ಹಿಗ್ಗುತ್ತದೆ. ಇದನ್ನು ತಿಳಿಯದೆ ಹೊಟ್ಟೆಯ ಭಾಗದಿಂದ ಚೀಲದ ಪಟ್ಟಿಯನ್ನು ಕತ್ತರಿಸಿದವನು, ಕೆಲವು ದಿನಗಳಲ್ಲಿಯೇ ಅದು ಎಳೆದು ಉದ್ದವಾದುದನ್ನು ಕಾಣುತ್ತಾನೆ. ಮುಂದೆ ಅವನು ಚರ್ಮವನ್ನು ಕೊಳ್ಳುವಾಗ ಕಣ್ಣಿನಿಂದ ನೋಡಿ ಬಿಡುವುದಿಲ್ಲ. ಬಾಗಿಸಿ, ಒತ್ತಿ, ಬೆರಳುಗಳಿಂದ ಓದುತ್ತಾನೆ.

ಎರಡನೆಯ ಆಶ್ಚರ್ಯ ನೀರಿನದು. ಮರದ ತೊಗಟೆಯ ರಸದಿಂದ ಹದಮಾಡಿದ ಚರ್ಮವನ್ನು ತುಸು ತೇವಗೊಳಿಸಿದರೆ ಅದು ಮೇಣದಂತೆ ಮೆತ್ತಗಾಗುತ್ತದೆ. ಆಗ ಉಗುರು ತಗುಲಿದರೂ ಗುರುತು ಮೂಡುತ್ತದೆ. ಒಂದು ಎಲೆಯನ್ನು ಇಟ್ಟು ಬಲವಾಗಿ ಒತ್ತಿದರೆ ಅದರ ನರಗಳು ಕೂಡ ಅಚ್ಚಾಗುತ್ತವೆ. ಒಣಗಿದ ಮೇಲೆ ಆ ಗುರುತು ಅಳಿಯುವುದಿಲ್ಲ. ರಾಸಾಯನಿಕವಾದ ಕ್ರೋಮಿಯಂ ಲವಣಗಳಿಂದ ಹದಮಾಡಿದ ಚರ್ಮಕ್ಕೆ ಈ ಗುಣ ಅಷ್ಟಾಗಿ ಇಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಆ ವಿಧಾನದಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಚರ್ಮವು ಮೃದುವಾಗಿ, ಶಾಖವನ್ನೂ ಹೆಚ್ಚು ತಡೆಯುತ್ತದೆ. ಆದರೆ ಕೈಯ ಗುರುತನ್ನು ನೆನಪಿಟ್ಟುಕೊಳ್ಳುವ ಗುಣ ತೊಗಟೆಯ ಹದಕ್ಕೇ ಮೀಸಲು.

ಆ ಹದದ ರಹಸ್ಯ ತೊಗಟೆಯ ಒಗರಿನಲ್ಲಿದೆ. ಜಗಳೂರಿನ ಕಡೆಯಂಥ ಒಣನೆಲದಲ್ಲಿ ಹಳದಿ ಹೂಗಳನ್ನು ತಳೆದು ನಿಲ್ಲುವ ತಂಗಡಿಯ ಗಿಡದ ತೊಗಟೆ, ಕರಿಜಾಲಿಯ ತೊಗಟೆ, ಅಳಲೆಕಾಯಿ ಇವುಗಳಲ್ಲೆಲ್ಲ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಹಸಿ ಚರ್ಮದ ನಾರುಗಳಿಗೆ ಅದು ಅಂಟಿಕೊಂಡು, ಅವು ಕೊಳೆಯದಂತೆ ತಡೆಯುತ್ತದೆ. ಇದೇ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಹಸಿ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಪು ರಸಕ್ಕೆ ಚೊಗರು ಎಂದು ಹೆಸರು. ಅದರ ಒಗರೂ ಇದೇ ಜಾತಿಯದು. ಅಡಿಕೆಯ ತೋಟದ ರೈತನೂ ಚರ್ಮವನ್ನು ಹದಮಾಡುವ ಕುಶಲಿಯೂ ಒಂದೇ ಗುಣವನ್ನು ಬೇರೆ ಬೇರೆ ದಾರಿಗಳಿಂದ ಬಲ್ಲವರು.

ಒದ್ದೆಯಾದ ಇಂಥ ಚರ್ಮದ ಮೇಲೆ ಕಬ್ಬಿಣದ ಉಪಕರಣವೊಂದನ್ನು ಮರೆತು ಬಿಟ್ಟವನು ಮತ್ತೊಂದನ್ನು ಕಂಡುಕೊಳ್ಳುತ್ತಾನೆ. ಮರುದಿನ ಅಲ್ಲಿ ಕಪ್ಪು ಕಲೆ ಬಿದ್ದಿರುತ್ತದೆ. ಅದನ್ನು ಉಜ್ಜಿ ತೆಗೆಯಲು ಬಾರದು. ಕಬ್ಬಿಣವೂ ಟ್ಯಾನಿನ್ನೂ ಸೇರಿ ಆದ ಬಣ್ಣ ಅದು. ಹಳೆಯ ಕಾಲದಲ್ಲಿ ಯೂರೋಪಿನವರು ಬರೆಯುತ್ತಿದ್ದ ಕಪ್ಪು ಶಾಯಿಯೂ ಇದೇ ಬಗೆಯದು. ತಣ್ಣಗಾದ ಚಹಾದ ಕಷಾಯದಲ್ಲಿ ತುಕ್ಕು ಹಿಡಿದ ಮೊಳೆಯನ್ನು ಒಂದು ರಾತ್ರಿ ಹಾಕಿಟ್ಟರೆ ಕಷಾಯವು ಕಪ್ಪಾಗುವುದನ್ನು ಯಾವ ವಿದ್ಯಾರ್ಥಿಯಾದರೂ ನೋಡಬಹುದು. ಕಲೆಯೆಂದು ಮರುಗಿದವನು, ಅದೇ ಉಪಾಯದಿಂದ ಚರ್ಮಕ್ಕೆ ಬೇಕಾದ ಕಪ್ಪನ್ನು ಬರಿಸಬಹುದೆಂದು ತಿಳಿದಾಗ ಪಡುವ ಹಿಗ್ಗು ಸಣ್ಣದಲ್ಲ.

ಹೊಲಿಗೆಯ ವಿಷಯವೂ ಹೀಗೆಯೇ. ಹೊಲಿಗೆಯ ಯಂತ್ರದಲ್ಲಿ ಮೇಲಿನ ದಾರವು ಮೇಲೆಯೇ, ಕೆಳಗಿನ ದಾರವು ಕೆಳಗೆಯೇ ಇದ್ದು ನಡುವೆ ಒಂದನ್ನೊಂದು ಕೊಂಡಿಹಾಕಿಕೊಳ್ಳುತ್ತವೆ. ಒಂದು ಕಡಿದರೆ ಇನ್ನೊಂದು ಸಡಿಲವಾಗುತ್ತದೆ. ಕೈಹೊಲಿಗೆಯಲ್ಲಾದರೋ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿಗಳು. ಆರೆಯಿಂದ ಮಾಡಿದ ಪ್ರತಿಯೊಂದು ತೂತಿನಲ್ಲಿಯೂ ಎರಡು ಸೂಜಿಗಳು ಎದುರುಬದುರಾಗಿ ಹಾದುಹೋಗುತ್ತವೆ. ಎಲ್ಲಿಯಾದರೂ ಒಂದು ಎಳೆ ಸವೆದು ತುಂಡಾದರೆ ಮತ್ತೊಂದು ಎಳೆ ಜೋಡಣೆಯನ್ನು ಹಿಡಿದಿರುತ್ತದೆ. ಹೊಲಿಗೆ ಮುಗಿದ ಮೇಲೆ ಅಂಚನ್ನು ತೇವಮಾಡಿ, ನುಣುಪಾದ ಮರದ ಕೋಲಿನಿಂದ ತಿಕ್ಕುತ್ತಾ ಹೋಗಬೇಕು. ಮೊದಮೊದಲು ಏನೂ ಆಗದು. ಬೇಸರವಾಗುವ ಹೊತ್ತಿಗೆ, ತಿಕ್ಕಿದ ಬಿಸಿಗೆ ನಾರುಗಳೆಲ್ಲ ಒಂದುಗೂಡಿ, ಒರಟು ಅಂಚು ಗಾಜಿನಂತೆ ಹೊಳೆಯುತ್ತದೆ. ಆ ಹೊಳಪನ್ನು ಹಣ ಕೊಟ್ಟು ಕೊಳ್ಳಬಹುದು. ಅದು ಮೂಡುವ ಕ್ಷಣವನ್ನು ಕೊಳ್ಳಲು ಬರುವುದಿಲ್ಲ.

ಪೇಟೆಯಲ್ಲಿ ಅಗ್ಗದ ಚೀಲಗಳು ದೊರೆಯುವಾಗ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಅಗ್ಗದ ಚೀಲ ಹರಿದರೆ ಕಸವಾಗುತ್ತದೆ; ತಾನೇ ಹೊಲಿದ ಚೀಲ ಹರಿದರೆ, ಎಲ್ಲಿ ಏಕೆ ಹರಿಯಿತೆಂದು ತಿಳಿಯುವುದರಿಂದ, ಅದು ಮತ್ತೆ ಚೀಲವಾಗುತ್ತದೆ. ಇದು ಸುಲಭವಾದ ಉತ್ತರ. ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದುಂಟು. ಹವ್ಯಾಸಿಯು ಹೊಸದಾಗಿ ಕಂಡುಕೊಂಡೆನೆಂದು ಹಿಗ್ಗುವ ಇವೆಲ್ಲವೂ ನಿಜವಾಗಿ ಹೊಸವೇ?

ಅಲ್ಲ. ಬೆನ್ನಿನ ಚರ್ಮಕ್ಕೂ ಹೊಟ್ಟೆಯ ಚರ್ಮಕ್ಕೂ ಇರುವ ಭೇದ, ತಂಗಡಿಯ ತೊಗಟೆಯ ಬಲ, ರಂಪಿಗೆಯನ್ನು ಹಿಡಿಯುವ ಓರೆ, ಆರೆಯನ್ನು ಚುಚ್ಚುವ ಕೋನ ಇವೆಲ್ಲವನ್ನೂ ಊರಾಚೆಯ ಕೇರಿಗಳಲ್ಲಿ ತಲೆತಲಾಂತರಗಳಿಂದ ಬಲ್ಲವರಿದ್ದರು. ಅವರ ತಿಳಿವನ್ನು ಯಾರೂ ವಿದ್ಯೆಯೆಂದು ಕರೆಯಲಿಲ್ಲ. ಅವರು ಮಾಡಿದ ಮೆಟ್ಟನ್ನು ಮೆಟ್ಟಿ ನಡೆದವರೇ ಅವರ ನೆರಳಿಗೆ ಅಂಜಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದಾಗ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರ ಹೆಸರುಗಳು ಗೌರವದಿಂದ ಕೇಳಿಬಂದವು. ಆದರೆ ಆ ಮಾತು ನಡೆಯಾಗಿ ಉಳಿಯಲು ನಾಡು ಬಹುಕಾಲ ಕಾಯಬೇಕಾಯಿತು. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದುದು 1950ರಲ್ಲಿ.

ಹರಿಹರದ ಉದಾಹರಣೆಯನ್ನೇ ನೋಡಬಹುದು. ಅಲ್ಲಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಹರಿ ಮತ್ತು ಹರ ಇಬ್ಬರೂ ಒಂದೇ ಮೂರ್ತಿಯಲ್ಲಿ ಸೇರಿ ನಿಂತಿರುವ ಊರು ಅದು. ದೇವರಲ್ಲಿ ಭೇದವಿಲ್ಲವೆಂದು ಒಪ್ಪುವುದು ಸುಲಭ. ಮನುಷ್ಯರಲ್ಲಿ ಭೇದವಿಲ್ಲವೆಂದು ಒಪ್ಪುವುದು ಕಷ್ಟ. ಅದೇ ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕನ್ನಡದ ಅಧ್ಯಾಪಕರಾಗಿ, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ, ಈ ಎರಡನೆಯ ಮಾತನ್ನು ನಾಡಿನ ಮುಂದೆ ಇಟ್ಟರು. ಅವರಂಥವರು ಕೇಳಿದುದು ಕನಿಕರವನ್ನಲ್ಲ, ಸಮಾನತೆಯನ್ನು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಒಬ್ಬರಿಗೆ ಹೇರಿದ ಬವಣೆಯಾಗಿದ್ದುದು ಇನ್ನೊಬ್ಬರಿಗೆ ಬಿಡುವಿನ ವಿನೋದವಾಗುವುದು ನ್ಯಾಯವೇ? ತೊಟ್ಟಿಯಲ್ಲಿ ನಿಂತು, ದುರ್ವಾಸನೆಯನ್ನು ಸಹಿಸಿ, ಹಸಿ ತೊಗಲನ್ನು ಹದಮಾಡಿದವರು ಒಬ್ಬರು. ಹದವಾದ ಸ್ವಚ್ಛ ಚರ್ಮವನ್ನು ಕೊಂಡು ತಂದು ನೆರಳಿನಲ್ಲಿ ಕುಳಿತು ಹೊಲಿಯುವವರು ಇನ್ನೊಬ್ಬರು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಹವ್ಯಾಸಿಗೆ ಬೇಸರವಾದಾಗ ಕೆಲಸವನ್ನು ಬಿಟ್ಟೇಳುವ ಸ್ವಾತಂತ್ರ್ಯವಿದೆ; ಕೇರಿಯ ಕುಶಲಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಈ ವ್ಯತ್ಯಾಸವನ್ನು ಮರೆತ ಹವ್ಯಾಸ ಬರಿಯ ಶೋಕಿಯಾಗುತ್ತದೆ.

ಹಾಗೆಂದು ಹವ್ಯಾಸವನ್ನೇ ತೊರೆಯಬೇಕಾಗಿಲ್ಲ. ಇದಕ್ಕೆ ಗಾಂಧೀಜಿಯವರ ನಿದರ್ಶನವುಂಟು. ದಕ್ಷಿಣ ಆಫ್ರಿಕದಲ್ಲಿ ಅವರು 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎಂಬ ಆಶ್ರಮವನ್ನು ಆರಂಭಿಸಿದಾಗ, ಅವರ ಗೆಳೆಯ ಕಾಲೆನ್‌ಬಾಕ್ ಒಂದು ಕ್ರೈಸ್ತ ಮಠಕ್ಕೆ ಹೋಗಿ ಚಪ್ಪಲಿ ಮಾಡುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಇತರರಿಗೆ ಕಲಿಸಿದರು. ಬ್ಯಾರಿಸ್ಟರ್ ಪದವಿಯನ್ನು ಪಡೆದಿದ್ದ ಕೈ ಆರೆಯನ್ನು ಹಿಡಿಯಿತು. ತಮ್ಮನ್ನು ಸೆರೆಗೆ ಕಳುಹಿಸಿದ ಜನರಲ್ ಸ್ಮಟ್ಸ್‌ನಿಗೆ 1914ರಲ್ಲಿ ಅವರು ಒಂದು ಜೊತೆ ಚಪ್ಪಲಿಗಳನ್ನು ಕಾಣಿಕೆಯಾಗಿ ಕೊಟ್ಟರು. ಸ್ಮಟ್ಸ್ ಅವುಗಳನ್ನು ಹಲವು ಬೇಸಗೆಗಳಲ್ಲಿ ಮೆಟ್ಟಿ, ಗಾಂಧೀಜಿಯವರಿಗೆ ಎಪ್ಪತ್ತು ತುಂಬಿದ 1939ರಲ್ಲಿ ಗೌರವದಿಂದ ಹಿಂದಿರುಗಿಸಿದನು. ಆ ಚಪ್ಪಲಿಗಳ ಬೆಲೆ ಚರ್ಮದಲ್ಲಿರಲಿಲ್ಲ. ಯಾವ ಕೆಲಸವೂ ತನಗೆ ಕೀಳಲ್ಲವೆಂಬ ನಿಶ್ಚಯದಲ್ಲಿತ್ತು.

ಕೈಯಿಂದ ಮಾಡಿ ನೋಡಿದವನಿಗೆ ಮಾತ್ರ ಕೆಲಸದ ಕಷ್ಟ ತಿಳಿಯುತ್ತದೆ. ಒಂದು ಅಂಗುಲದಲ್ಲಿ ಏಳೆಂಟು ಹೊಲಿಗೆಗಳನ್ನು ಸಮನಾಗಿ ಹಾಕಲು ಹೆಣಗಿದವನು, ಬಸ್ ನಿಲ್ದಾಣದ ಬಳಿ ಮರದ ಕೆಳಗೆ ಕುಳಿತ ಕುಶಲಿ ಅದನ್ನು ಗುರುತೂ ಹಾಕದೆ ಹೊಲಿಯುವುದನ್ನು ಕಂಡಾಗ ಬೆರಗಾಗುತ್ತಾನೆ. ನಿನ್ನೆಯವರೆಗೆ ಚೌಕಾಸಿ ಮಾಡುತ್ತಿದ್ದ ನಾಲಿಗೆ ಇಂದು ಪ್ರಶ್ನೆ ಕೇಳುತ್ತದೆ: ಈ ದಾರಕ್ಕೆ ಮೇಣವೆಷ್ಟು? ಈ ರಂಪಿಗೆಯನ್ನು ಮಸೆಯುವ ಬಗೆ ಹೇಗೆ? ಕೇಳುವವನು ಆ ಕ್ಷಣದಲ್ಲಿ ಗಿರಾಕಿಯಲ್ಲ, ಶಿಷ್ಯ. ಈ ಸ್ಥಾನಪಲ್ಲಟವೇ ಹವ್ಯಾಸದ ಅತ್ಯಂತ ದೊಡ್ಡ ಲಾಭ.

ಆದರೆ ಬೆರಗು ಸಾಲದು. ಕುಶಲಿಗೆ ತಕ್ಕ ಕೂಲಿ, ಕೂರಲು ನೆರಳು, ಮಕ್ಕಳಿಗೆ ತಾವು ಬಯಸಿದ ವಿದ್ಯೆಯನ್ನು ಆರಿಸಿಕೊಳ್ಳುವ ಅವಕಾಶ ಇವೂ ಬೇಕು. ಕರ್ನಾಟಕ ಸರ್ಕಾರವು 1976ರಲ್ಲಿ ಚರ್ಮ ಕೈಗಾರಿಕೆಗಳ ಅಭಿವೃದ್ಧಿಗಾಗಿ ನಿಗಮವೊಂದನ್ನು ಸ್ಥಾಪಿಸಿತು. ಅದು ಲಿಡ್ಕರ್ ಎಂದು ಹೆಸರಾಗಿದೆ. ಅಂಥ ಸಂಸ್ಥೆಗಳು ಮಾಡಬೇಕಾದ ಕೆಲಸ ಬಹಳವಿದೆ. ಸಮಗಾರನ ಮಗಳು ವೈದ್ಯೆಯಾಗುವುದೂ, ವೈದ್ಯರ ಮಗ ಚರ್ಮದ ಕುಶಲಿಯಾಗುವುದೂ ಸಮಾನವಾಗಿ ಸಹಜವೆನಿಸಿದ ದಿನ ಈ ಹವ್ಯಾಸದ ಸಂತೋಷಕ್ಕೆ ಯಾವ ಕಳಂಕವೂ ಉಳಿಯುವುದಿಲ್ಲ.

ಕನ್ನಡದಲ್ಲಿ ‘ಹದ’ ಎಂಬುದು ಒಳ್ಳೆಯ ಮಾತು. ಹೊಲಕ್ಕೆ ಹದವುಂಟು, ಅಡುಗೆಗೆ ಹದವುಂಟು, ಚರ್ಮಕ್ಕೂ ಹದವುಂಟು. ಹದಗೊಳ್ಳದ ತೊಗಲು ಒಣಗಿದರೆ ಸೆಟೆಯುತ್ತದೆ, ನೆನೆದರೆ ಕೊಳೆಯುತ್ತದೆ. ತಿರಸ್ಕಾರ ತುಂಬಿದ ಮನಸ್ಸಿನ ಸ್ಥಿತಿಯೂ ಅದೇ. ಒಗರಾದ ರಸದಲ್ಲಿ ಬಹುದಿನ ನೆನೆದ ಮೇಲೆಯೇ ಚರ್ಮವು ಬಾಗುವುದನ್ನು ಕಲಿಯುತ್ತದೆ. ಒಂದು ಸಣ್ಣ ಚೀಲವನ್ನು ಹೊಲಿದು ಮುಗಿಸಿದವನ ಕೈಯಲ್ಲಿ ಚೀಲವೊಂದೇ ಉಳಿದರೆ ಅವನು ಗಳಿಸಿದುದು ಸ್ವಲ್ಪ. ದುಡಿಯುವ ಕೈಗಳ ಮುಂದೆ ಬಾಗುವ ಮನಸ್ಸೂ ಉಳಿದರೆ ಅವನ ಬಿಡುವು ಸಾರ್ಥಕವಾಯಿತೆನ್ನಬಹುದು.