ಲಸಿಕೆ ಕಾರ್ಡ್ ಇಲ್ಲದ ಮಗು ಮತ್ತು ನಮ್ಮ ಪ್ರಸಾದ ನಿಲಯಗಳು



ಜೂನ್ ಬಂತೆಂದರೆ ನಮ್ಮ ಮಠಗಳ ಪ್ರಸಾದ ನಿಲಯಗಳಿಗೆ ಹೊಸ ಮಕ್ಕಳು ಬರುತ್ತಾರೆ. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠದಂತಹ ಮಠಗಳ ಅನ್ನ, ಅಕ್ಷರ, ಆಶ್ರಯದ ದಾಸೋಹದಿಂದ ತಲೆಮಾರುಗಳೇ ಬೆಳೆದಿವೆ. ಹೀಗೆ ಬರುವ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗಿ ದುಡಿಯುವವರು. ಊರೂರು ಅಲೆಯುವಾಗ ತಾಯಿ ಕಾರ್ಡ್ ಎಲ್ಲೋ ಕಳೆದಿರುತ್ತದೆ. ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಆಗಿಲ್ಲ ಎಂದು ಖಚಿತವಾಗಿ ಹೇಳುವವರೇ ಇರುವುದಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ನಡೆಯುತ್ತದೆ. ಕಾರ್ಡ್ ತಂದರಷ್ಟೇ ಪ್ರವೇಶ ಎಂದು ಮಗುವನ್ನು ವಾಪಸು ಕಳಿಸುವುದು ಒಂದು. ಆ ವಿಷಯವನ್ನೇ ಕೇಳದೆ ಬಿಡುವುದು ಎರಡನೆಯದು. ಯಾರಿಂದಲೋ ಹೊಸ ಕಾರ್ಡ್ ಬರೆಸಿ ಎಲ್ಲ ಮನೆಗಳಿಗೂ ಗುರುತು ಹಾಕಿಸುವುದು ಮೂರನೆಯದು. ಮೂರೂ ತಪ್ಪು, ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಖಾಲಿ ಇರುವ ಮನೆಯನ್ನು ಕಂಡ ವೈದ್ಯರು ಮುಂದೆಂದಾದರೂ ಲಸಿಕೆ ಹಾಕಿಯಾರು. ಸುಳ್ಳು ಗುರುತು ಆ ಅವಕಾಶವನ್ನೂ ಕಿತ್ತುಕೊಳ್ಳುತ್ತದೆ. ಸತ್ಯವನ್ನೇ ಆಚಾರವೆಂದು ನಂಬಿದವರ ಅಂಗಳದಲ್ಲಿ ಅದು ನಡೆಯಕೂಡದು. ಕಾರ್ಡ್ ಇಲ್ಲದಿದ್ದರೆ ಸೀಟಿಲ್ಲ ಎಂಬ ನಿಯಮವೇ ಬಡ ಪೋಷಕರನ್ನು ಆ ಸುಳ್ಳಿಗೆ ದೂಡುತ್ತದೆ ಎಂಬುದನ್ನೂ ಮರೆಯಬಾರದು.

ಲೋಕೋಪಯೋಗಿ ಕಾಮಗಾರಿಗಳಲ್ಲಿ ಅಳತೆ ಪುಸ್ತಕ ಎಂಬುದಿದೆ. ಅದರಲ್ಲಿ ಬರೆಯದ ಕೆಲಸವನ್ನು ಆಗಿಲ್ಲವೆಂದೇ ಎಣಿಸುತ್ತಾರೆ. ಲಸಿಕೆಗೂ ವೈದ್ಯರು ಪಾಲಿಸುವ ನಿಯಮ ಹೆಚ್ಚುಕಡಿಮೆ ಇದೇ: ಬರೆದ ದಾಖಲೆ ಸಿಗದಿದ್ದರೆ ಹಾಕಿಲ್ಲವೆಂದು ತಿಳಿದು, ವಯಸ್ಸಿಗೆ ತಕ್ಕದ್ದನ್ನು ಹಾಕುವುದು.

ಮೊದಲು ಹುಡುಕಬೇಕು. ಮಗು ಹುಟ್ಟಿದ ಆಸ್ಪತ್ರೆಯ ಬಿಡುಗಡೆ ಚೀಟಿ, ಊರಿನ ಉಪಕೇಂದ್ರದ ರಿಜಿಸ್ಟರು, ಆಶಾ ಕಾರ್ಯಕರ್ತೆಯ ಪುಸ್ತಕ, ಅಂಗನವಾಡಿ ದಾಖಲೆ, ಇವುಗಳಲ್ಲಿ ಒಂದರಲ್ಲಾದರೂ ಸುಳಿವು ಸಿಗಬಹುದು. ಈಚಿನ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ವಿವರ ಯು-ವಿನ್ ತಂತ್ರಾಂಶದಲ್ಲಿ ಪೋಷಕರ ಮೊಬೈಲ್ ನಂಬರಿನಡಿ ಇರಬಹುದು. ಆದರೆ ಹುಡುಕಾಟ ಮುಗಿಯಲೆಂದು ಲಸಿಕೆಯನ್ನು ತಿಂಗಳುಗಟ್ಟಲೆ ಮುಂದೂಡಬಾರದು.

ನೆನಪನ್ನು ದಾಖಲೆಯೆಂದು ಒಪ್ಪಬಾರದು. "ಎಲ್ಲಾ ಹಾಕಿಸೀವ್ರಿ" ಎಂದು ತಾಯಿ ಹೇಳಿದಾಗ ಆಕೆಯ ಮನಸ್ಸಿನಲ್ಲಿರುವುದು ಪಲ್ಸ್ ಪೋಲಿಯೊ ಹನಿ ಮಾತ್ರ ಇರಬಹುದು. ಆ ಹನಿ ಪೋಲಿಯೊ ತಡೆಯುತ್ತದೆಯೇ ಹೊರತು ದಡಾರ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನಲ್ಲ. ತೋಳಿನ ಮೇಲಿನ ಕಲೆ ಬಿಸಿಜಿ ಆದುದಕ್ಕೆ ಗುರುತು. ಉಳಿದ ಲಸಿಕೆಗಳ ಬಗ್ಗೆ ಅದು ಏನನ್ನೂ ಹೇಳದು.

"ಒಮ್ಮೆ ಹಾಕಿದ್ದನ್ನೇ ಮತ್ತೆ ಹಾಕಿದರೆ?" ಎಂಬ ಅಂಜಿಕೆ ಸಹಜ. ದಡಾರ-ರುಬೆಲ್ಲಾ ಲಸಿಕೆ ಅಥವಾ ಪೋಲಿಯೊ ಹನಿ ಒಂದು ಸಲ ಹೆಚ್ಚಾದರೆ ಕೇಡಿಲ್ಲ. ಧನುರ್ವಾಯುವಿನ ಲಸಿಕೆ ಪದೇ ಪದೇ ಬಿದ್ದರೆ ತೋಳು ಬಾತು ನೋಯಬಹುದು. ಆದ್ದರಿಂದ ಲೆಕ್ಕವನ್ನು ವೈದ್ಯಾಧಿಕಾರಿಗೆ ಬಿಡಬೇಕು. ನಡುವೆ ನಿಂತುಹೋದ ಸರಣಿಯನ್ನು ಮೊದಲಿನಿಂದ ಆರಂಭಿಸಬೇಕಿಲ್ಲ. ದಾಖಲೆಯಿದ್ದಷ್ಟನ್ನು ಹಿಡಿದು ಅಲ್ಲಿಂದ ಮುಂದುವರಿಸಿದರೆ ಸಾಕು.

ವಯಸ್ಸಿನ ಮಿತಿಗಳೂ ಇವೆ. ಸರ್ಕಾರಿ ವೇಳಾಪಟ್ಟಿಯಲ್ಲಿ ಬಿಸಿಜಿ 1 ವರ್ಷದೊಳಗೆ, ದಡಾರ-ರುಬೆಲ್ಲಾ 5 ವರ್ಷದೊಳಗೆ, ಡಿಪಿಟಿ 7 ವರ್ಷದೊಳಗೆ. ಅದರ ಮೇಲಿನವರಿಗೆ ಡಿಪಿಟಿ ಬದಲು ಟಿಡಿ. 10 ಮತ್ತು 16ನೇ ವಯಸ್ಸಿನಲ್ಲಿ ಅದು ಎಲ್ಲ ಮಕ್ಕಳಿಗೂ ಉಚಿತ. 5 ದಾಟಿದ ಮಗುವಿಗೆ ದಡಾರದ ಲಸಿಕೆ ಬೇಕೆಂದು ವೈದ್ಯರು ಹೇಳಿದರೆ ಹೊರಗೆ ಕೊಳ್ಳಬೇಕಾಗಬಹುದು. ಅನ್ನ ದಾಸೋಹಕ್ಕೆ ಮೂಟೆಗಟ್ಟಲೆ ಅಕ್ಕಿ ಕೊಡುವ ಭಕ್ತರಿಗೆ ಇದೇನೂ ಭಾರವಲ್ಲ. ಇದೂ ದಾಸೋಹವೇ.

ಒಂದೇ ಕೋಣೆಯಲ್ಲಿ ಹತ್ತಾರು ಮಕ್ಕಳು ಮಲಗುವ ಕಡೆ ದಡಾರ ಬಂದರೆ ಲಸಿಕೆ ಇಲ್ಲದ ಮಗು ಪಾರಾಗುವುದು ಕಷ್ಟ. ಗಂಟಲಮಾರಿಯೂ ನಮ್ಮ ಉತ್ತರದ ಜಿಲ್ಲೆಗಳಿಂದ ಪೂರ್ತಿ ತೊಲಗಿಲ್ಲ. ಆದರೂ ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ ಬಂದಾಳ" ಎಂದು ಬೇವಿನ ಸೊಪ್ಪು ಕಟ್ಟಿ ಆಸ್ಪತ್ರೆಗೆ ಹೋಗದವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಾದಿ ಶರಣರು ಕ್ಷುದ್ರ ದೈವಗಳ ಭಯವನ್ನು ತೊರೆಯಲು ಹೇಳಿದರು. ಕೊರಳಲ್ಲಿ ಇಷ್ಟಲಿಂಗ ಧರಿಸಿ ರೋಗಕ್ಕೆ ಮಾರಿಯ ಹೆಸರಿಡುವುದು ಲಿಂಗಾಯತರಿಗೆ ತರವಲ್ಲ.

ಆದ್ದರಿಂದ ಪೂಜ್ಯರಲ್ಲಿ ಮತ್ತು ನಿಲಯಗಳ ವ್ಯವಸ್ಥಾಪಕರಲ್ಲಿ ನಮ್ಮ ವಿನಂತಿ ಇಷ್ಟು. ಕಾರ್ಡ್ ಇರಲಿ ಬಿಡಲಿ, ಮಗುವನ್ನು ಸೇರಿಸಿಕೊಳ್ಳಿ. ಪ್ರವೇಶ ಅರ್ಜಿಯಲ್ಲಿ "ದಾಖಲೆ ಇಲ್ಲ" ಎಂದು ಬರೆಯಲು ಒಂದು ಮನೆ ಬಿಡಿ. ನಿಜ ಹೇಳಿದ ತಾಯಿಗೆ ಅದರಿಂದ ತೊಂದರೆಯಾಗದಿರಲಿ. ಮೊದಲ ತಿಂಗಳಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಪಟ್ಟಿ ಕೊಟ್ಟು, ಪೋಷಕರ ಒಪ್ಪಿಗೆ ಪಡೆದು ಲಸಿಕೆ ಹಾಕಿಸಿ. ನಿಲಯದಲ್ಲೊಂದು ರಿಜಿಸ್ಟರು ಇಟ್ಟು ಲಸಿಕೆಯ ಹೆಸರು, ದಿನಾಂಕ, ಹಾಕಿದವರ ಸಹಿ ಬರೆಸಿ. ಮಗು ಮಠ ಬಿಡುವಾಗ ವರ್ಗಾವಣೆ ಪತ್ರದ ಜೊತೆ ಅದರ ನಕಲನ್ನೂ ಕೊಡಿ. ಇನ್ನು ಲಿಂಗಧಾರಣೆಗೆಂದು ಹಸುಗೂಸನ್ನು ಮಠಕ್ಕೆ ತಂದ ತಾಯಿಗೆ "ಕಾರ್ಡ್ ಜೋಪಾನವಮ್ಮ, ಮೊಬೈಲಿನಲ್ಲಿ ಅದರದ್ದೊಂದು ಫೋಟೊ ತೆಗೆದಿಟ್ಟುಕೋ" ಎಂದು ಪೂಜ್ಯರು ಒಂದು ಮಾತು ಹೇಳಿದರೆ ಸಾಕು. ನಾವು ನೂರು ಸಲ ಬರೆಯುವುದಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.