ತಾರಸಿಯ ಬಿಸಿಲಿಗೆ ಹೊಣೆ ಯಾರು?

“ಮನೆ ಕಟ್ಟಿ ನೋಡು” ಎಂದ ಹಿರಿಯರ ಕಾಲದಲ್ಲಿ ಕಟ್ಟಿಸಿದವನೇ ಮನೆಯಲ್ಲಿ ಬಾಳುತ್ತಿದ್ದನು. ಗೋಡೆ ಕಾದರೆ ಬೇಯುವವನೂ ಅವನೇ. ಇಂದು ಕಟ್ಟಿ ಮಾರುವವರು ಬೇರೆ, ಬಾಳುವವರು ಬೇರೆ. ನಾಗಪುರದ ಧರಮಪೇಠದಂತಹ ಹಳೆಯ ಬಡಾವಣೆಯಲ್ಲಿ ಅಂಗಳ, ಗಿಡಮರಗಳಿದ್ದ ಮನೆಗಳು ಹೋಗಿ ಫ್ಲ್ಯಾಟುಗಳು ಏಳುತ್ತಿರುವಾಗ ಈ ಮಾತನ್ನು ಯೋಚಿಸುವುದು ಅವಶ್ಯವಾಗಿದೆ.

2013ರ ಮೇ ತಿಂಗಳಲ್ಲಿ ನಾಗಪುರದ ತಾಪಮಾನ 47 ಡಿಗ್ರಿಯನ್ನು ದಾಟಿತ್ತು. 2023ರ ಸೆಪ್ಟೆಂಬರ್ 23ರಂದು ಕೆಲವೇ ತಾಸುಗಳ ಮಳೆಗೆ ಅಂಬಾಝರಿ ಕೆರೆ ತುಂಬಿ ಹರಿದು, ನಾಗ ನದಿಯ ಆಸುಪಾಸಿನ ಮನೆಗಳಿಗೆ ನೀರು ನುಗ್ಗಿತು. ಬೇಸಗೆಯಲ್ಲಿ ಕಾಯ್ದು ಉರಿಯುವ ಕಾಂಕ್ರೀಟೇ ಮಳೆಗಾಲದಲ್ಲಿ ನೀರನ್ನು ನೆಲಕ್ಕೆ ಇಳಿಯಗೊಡದು.

ಪರಿಸರಕ್ಕೆ ಒಗ್ಗುವ ಮನೆಗಳನ್ನು ಏಕೆ ಕಟ್ಟುವುದಿಲ್ಲವೆಂದರೆ ಬಿಲ್ಡರುಗಳು “ಕೊಳ್ಳುವವರು ಕೇಳುವುದಿಲ್ಲ” ಎನ್ನುತ್ತಾರೆ. ಕೊಳ್ಳುವವರು “ಕಟ್ಟುವವರು ತೋರಿಸುವುದಿಲ್ಲ” ಎನ್ನುತ್ತಾರೆ. ಎರಡೂ ಅರ್ಧ ಸತ್ಯ. ಪಡುವಣ ಗೋಡೆಗೆ ನೆರಳು, ಕಿಟಕಿಗೆ ಅಗಲವಾದ ಸಜ್ಜಾ, ತಾರಸಿಗೆ ಶಾಖ ತಡೆಯುವ ಪದರ, ಇವುಗಳ ಖರ್ಚು ಇಂದು ಬಿಲ್ಡರನದು. ಉಳಿತಾಯವಾದರೋ ನಾಳೆ ನಿವಾಸಿಯದು. ತನಗೆ ಬಾರದ ಲಾಭಕ್ಕಾಗಿ ವ್ಯಾಪಾರಿ ಹಣ ಹೂಡಲಾರನು. ನಾವಾದರೂ ಸಾಲದ ಕಂತು, ಲಿಫ್ಟು, ಹೊಳೆಯುವ ಟೈಲ್ಸುಗಳನ್ನು ನೋಡುತ್ತೇವೆಯೇ ಹೊರತು, ಮುಂದೆ ಇಪ್ಪತ್ತು ಮೂವತ್ತು ಬೇಸಗೆಗಳಲ್ಲಿ ಕೂಲರಿಗೂ ಏಸಿಗೂ ತೆರಬೇಕಾದ ವಿದ್ಯುತ್ ಬಿಲ್ಲನ್ನು ಮನೆಯ ಬೆಲೆಗೆ ಕೂಡಿಸಿ ನೋಡುವುದಿಲ್ಲ.

ದಾರಿಗಳು ಇಲ್ಲದಿಲ್ಲ. ಗೋಡೆ, ತಾರಸಿಗಳ ಮೂಲಕ ಒಳನುಗ್ಗುವ ಶಾಖಕ್ಕೆ ಮಿತಿ ಹಾಕುವ “ಇಕೋ ನಿವಾಸ್ ಸಂಹಿತಾ”ವನ್ನು ಕೇಂದ್ರ ಸರಕಾರವು 2018ರಲ್ಲಿಯೇ ಹೊರಡಿಸಿದೆ. ಮಹಾರಾಷ್ಟ್ರದ 2020ರ ಏಕೀಕೃತ ಕಟ್ಟಡ ನಿಯಮಾವಳಿಯು ಹಸಿರು ಪ್ರಮಾಣಪತ್ರ ಪಡೆದ ಕಟ್ಟಡಗಳಿಗೆ ಹೆಚ್ಚಿನ ಕಟ್ಟಡ ವಿಸ್ತೀರ್ಣವನ್ನೇ ಬಹುಮಾನವಾಗಿ ಕೊಡುತ್ತದೆ. ಈ ಹೆಚ್ಚಿನ ಚದರಡಿಗಳನ್ನು ಮಾರುವವನು ಬಿಲ್ಡರು. ಅದರಲ್ಲಿ ನಿವಾಸಿಗೆ ದೊರೆಯುವ ಪಾಲೇನು ಎಂದು ಕೇಳುವ ಹಕ್ಕು ನಮಗಿಲ್ಲವೆ?

ಆದುದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ಸೂಚನೆ ಇಷ್ಟು. ಹಳೆಯ ಕಟ್ಟಡವನ್ನು ಕೆಡವಲು ಒಪ್ಪಿಗೆ ಕೊಡುವ ಮುನ್ನ ಸೊಸೈಟಿಯ ಸಭೆ ಸೇರಲಿ. ತಾರಸಿಗೆ ಶಾಖ ತಡೆ, ಅಡ್ಡಗಾಳಿ, ಮಳೆನೀರಿನ ಇಂಗುಗುಂಡಿ, ಉಳಿಸಬೇಕಾದ ಮರಗಳು, ಇವೆಲ್ಲವೂ ಕರಾರಿನಲ್ಲಿ ಬರಹವಾಗಿರಲಿ. ಹೊಸ ಫ್ಲ್ಯಾಟು ಕೊಳ್ಳುವವರು ಜಾಹೀರಾತನ್ನು ಜೋಪಾನವಾಗಿಡಲಿ; ಅದರಲ್ಲಿನ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟಪಟ್ಟವರಿಗೆ 2016ರ ರೇರಾ ಕಾಯಿದೆಯ 12ನೆಯ ಕಲಮು ಪರಿಹಾರದ ಹಕ್ಕನ್ನು ಕೊಟ್ಟಿದೆ. ಆ ಬಿಸಿಲಿನಲ್ಲಿ ಇಟ್ಟಿಗೆ ಹೊರುವ ನಮ್ಮ ಸೋದರ ಸೋದರಿಯರಿಗೆ ನೆರಳು, ಕುಡಿಯುವ ನೀರು, ನಡುಹಗಲಿನ ಬಿಡುವು ದೊರೆಯುತ್ತಿದೆಯೆ ಎಂದೂ ವಿಚಾರಿಸಲಿ.

ಒಬ್ಬನು ಕೇಳಿದರೆ ಬಿಲ್ಡರು ಬೇರೆ ಗಿರಾಕಿಯನ್ನು ಹುಡುಕುತ್ತಾನೆ. ಇಡೀ ಸೊಸೈಟಿ ಕೇಳಿದರೆ ನಕ್ಷೆಯನ್ನು ಬದಲಿಸುತ್ತಾನೆ. ಸಂಘದ ಬಲವನ್ನು ಅರಿತ ನಮಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.