ಗಣಕಯಂತ್ರವೂ ಅಜ್ಜಿಯ ಸೋಬಾನೆಯೂ

ನಮ್ಮ ವಿದ್ಯಾರ್ಥಿನಿಲಯದಲ್ಲಿ ಈಗ ಹಾಡು ಕಟ್ಟುವ ಗೀಳು ಹಬ್ಬಿದೆ. ಕೊಠಡಿಗೊಬ್ಬನಾದರೂ ‘ಮ್ಯೂಸಿಕ್ ಪ್ರೊಡ್ಯೂಸರ್’ ಇದ್ದಾನೆ! ಹಿಂದೆ ಇದಕ್ಕೆ ದೊಡ್ಡ ಸ್ಟುಡಿಯೋ ಬೇಕಾಗಿತ್ತು. ಈಗ ಒಂದು ಲ್ಯಾಪ್‌ಟಾಪು, ಒಂದು ಹೆಡ್‌ಫೋನು ಸಾಕು. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶ ಇಂದಿಗೂ ಉಚಿತ. ರೀಪರ್ ಎಂಬುದನ್ನು 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಬಡ ವಿದ್ಯಾರ್ಥಿಯ ಕೈಗೂ ಈ ವಿದ್ಯೆ ಎಟುಕಿದ್ದು ಸಂತೋಷದ ಸಂಗತಿಯೇ. ಆದರೆ ಕಲಿಕೆಯ ಎರಡನೆಯ ಮೆಟ್ಟಿಲಲ್ಲಿ ನಾವು ಎಡವುತ್ತಿದ್ದೇವೆ. ಇದನ್ನು ಹೇಳಲು ನನಗಿರುವ ಅಧಿಕಾರ ಒಂದೇ: ಎಲ್ಲರಿಗಿಂತ ಮೊದಲು ಎಡವಿದವನು ನಾನು.

ಮೊದಲ ಮೆಟ್ಟಿಲು ಸುಲಭ. ದನಿ ಮುದ್ರಿಸುವುದು, ಕತ್ತರಿಸುವುದು, ಜೋಡಿಸುವುದು ವಾರದಲ್ಲಿ ಬರುತ್ತದೆ. ಆಮೇಲೆ ಬರುವುದು ಸಾಧನಗಳ ಸಂತೆ. ಕಂಪ್ರೆಸರನ್ನೇ ನೋಡಿ. ಅದನ್ನು 4:1ಕ್ಕೆ ಇಟ್ಟರೆ, ನಾವು ಗೊತ್ತುಮಾಡಿದ ಮಟ್ಟವನ್ನು ದನಿ 8 ಡೆಸಿಬೆಲ್ ಮೀರಿದಾಗ 2 ಡೆಸಿಬೆಲ್ ಮಾತ್ರ ಹೊರಬರುತ್ತದೆ. ಏರಿಳಿತ ಮಟ್ಟಸವಾಗುತ್ತದೆ, ನಿಜ. ಆದರೆ ಏರಿಳಿತವೇ ಹಾಡಿನ ಜೀವವಾಗಿದ್ದರೆ? ಈ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ.

ಅಕ್ಕನ ಮದುವೆಗೆಂದು ಅಜ್ಜಿಯ ಸೋಬಾನೆಯನ್ನು ಮುದ್ರಿಸಿಕೊಂಡೆ. ಹೊಸದಾಗಿ ಕಲಿತ ಉತ್ಸಾಹ ನೋಡಿ, ಶ್ರುತಿ ತಿದ್ದುವ ಸಾಧನವನ್ನು ಪೂರ್ತಿ ತಿರುಗಿಸಿದೆ; ತಾಳವನ್ನು ಪರದೆಯ ಗೆರೆಗಳಿಗೆ ಕೂರಿಸಿದೆ; ಜಾಗ ಸಾಲದೆಂದು ಮೂಲವನ್ನು ಅಳಿಸಿಯೂಬಿಟ್ಟೆ. ಅಜ್ಜಿಗೆ ಕೇಳಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ದನಿ ನಂದೇ ಐತೆ ಮಗ, ಹಾಡು ನಂದಲ್ಲ” ಎಂದಳು. ಈಗ ಅವಳಿಗೆ ಹಾಡುವಷ್ಟು ಉಸಿರಿಲ್ಲ. ನನ್ನ ಬಳಿ ಉಳಿದಿರುವುದು ಆ ತಿದ್ದಿದ ಪ್ರತಿ ಮಾತ್ರ.

ತಪ್ಪು ಯಂತ್ರದ್ದಲ್ಲ. ಆ ಸಾಧನ ಸ್ಥಾಯಿಯನ್ನು 12 ಸಮಭಾಗ ಮಾಡಿ, ದನಿಯನ್ನು ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ಅಜ್ಜಿಯ ಜಾರು, ಎಳೆತ, ತೂಗುಗಳೆಲ್ಲ ಮನೆಗಳ ನಡುವಿನ ಓಣಿಯಲ್ಲಿದ್ದವು. ನಮ್ಮ ಗಮಕಗಳ ವಾಸವೂ ಅಲ್ಲಿಯೇ ಅಲ್ಲವೆ? ತಿದ್ದುವ ವೇಗವನ್ನು ತಗ್ಗಿಸಬಹುದಿತ್ತು. ತಪ್ಪಿದ ಒಂದೇ ಅಕ್ಷರಕ್ಕೆ ಅದನ್ನು ಹಚ್ಚಬಹುದಿತ್ತು. ಹಾಗೆಯೇ ಬಿಡಲೂ ಬಹುದಿತ್ತು. ಯಂತ್ರಕ್ಕೆ ಕೈಯಿದೆ, ಕಿವಿಯಿಲ್ಲ. ನನ್ನ ಕಿವಿಯನ್ನು ನಾನು ಬಳಸಲಿಲ್ಲ.

“ಹಾಗಾದರೆ ಸಾಧನಗಳನ್ನು ಕಲಿಯುವುದೇ ಬೇಡವೆ?” ಎಂದು ಮಿತ್ರರು ಕೇಳಬಹುದು. ಖಂಡಿತ ಕಲಿಯಬೇಕು. ಅಡಿಗೆಯವನು ಉಪ್ಪಿನ ಗುಣವನ್ನು ತಿಳಿಯುವುದು ಎಲ್ಲದಕ್ಕೂ ಸುರಿಯುವುದಕ್ಕಲ್ಲವಷ್ಟೆ. ಒಂದೊಂದು ಸಾಧನವನ್ನೂ ಹಚ್ಚಿ ಕೇಳಬೇಕು, ತೆಗೆದು ಕೇಳಬೇಕು. ವ್ಯತ್ಯಾಸ ತಿಳಿಯದಿದ್ದರೆ ತೆಗೆದೇ ಇಡಬೇಕು. ಮುದ್ರಿಸುವಾಗ ದನಿ ಸೊನ್ನೆ ಡೆಸಿಬೆಲ್ಲಿನ ಗೆರೆ ಮುಟ್ಟದಂತೆ ನೋಡಿಕೊಳ್ಳಬೇಕು. ಅಲ್ಲಿ ಕತ್ತರಿಸಿಹೋದ ಅಲೆ ಹಾಗೆಯೇ ಮರಳಿ ಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲವನ್ನು ಬೇರೆಡೆ ಜೋಪಾನವಾಗಿಡಬೇಕು.

ಪೂಜ್ಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ತರಗತಿಗಳು ಮುಗಿದ ಮೇಲೆ ಸದ್ದಿಲ್ಲದ ಒಂದು ಕೊಠಡಿಯನ್ನು ನಮಗೆ ಬಿಟ್ಟುಕೊಡಿ. ರಜೆಯಲ್ಲಿ ಊರಿಗೆ ಹೋಗುವ ಪ್ರತಿಯೊಬ್ಬನೂ ತನ್ನ ಮನೆಯ ಒಂದು ಹಾಡನ್ನು ಇದ್ದ ಹಾಗೆಯೇ ಮುದ್ರಿಸಿ ತರಲಿ. ಅಲ್ಲಿ ಕೂತು ಎಲ್ಲರೂ ಕೇಳೋಣ. ತಿದ್ದುವುದು ಆಮೇಲಾಯಿತು. ಹಾಡುವವರು ನಮಗಾಗಿ ಕಾಯುತ್ತ ಕೂರುವುದಿಲ್ಲ.